ಗೋಣಿ, ತಾಡಪತ್ರಿ, ಛಜ್ಜಾ: ಬೀದರಿನ ಹಸಿ ಚಳಿಗೆ ಯಾವ ಗಿಡಕ್ಕೆ ಯಾವುದು

ದೀಪಾವಳಿ ಮುಗಿಯುತ್ತಿದ್ದ ಹಾಗೆ ಕಲಬುರಗಿಯಿಂದ ಅಕ್ಕನ ಫೋನು ಬರುತ್ತದೆ. "ಗಿಡಕ್ಕ ಈ ಸಲ ಏನ್ ಹೊಚ್ಚಲಿ, ಗೋಣಿನೋ ಪ್ಲಾಸ್ಟಿಕ್ಕೋ?" ನಾನು ಬೀದರಿನಲ್ಲಿರುವವನು, ಇಲ್ಲಿ ಚಳಿ ಜಾಸ್ತಿ, ಹಾಗಾಗಿ ನನಗೆ ಗೊತ್ತಿರುತ್ತದೆ ಅಂತ ಅವಳ ನಂಬಿಕೆ. ನಾನು ಪ್ರತಿ ಸಲ ತಿರುಗಿ ಒಂದೇ ಕೇಳುತ್ತೇನೆ. ಕುಂಡದ ಮಣ್ಣು ಒಣಗಿದೆಯಾ? ಅವಳಿಗೆ ಸಿಟ್ಟು ಬರುತ್ತದೆ, ನಾನು ಹೊದಿಕೆ ಬಗ್ಗೆ ಕೇಳಿದರೆ ನೀನು ಮಣ್ಣಿನ ಬಗ್ಗೆ ಮಾತಾಡ್ತೀಯಲ್ಲ ಅಂತ. ಆದರೆ ಈ ವಿಷಯದಲ್ಲಿ ಹೊದಿಕೆ ಎರಡನೇ ಮಾತು. ಮೊದಲ ಮಾತು ನೀರು.

ನಮ್ಮ ಭಾಗದಲ್ಲಿ ಬಿಸಿನಾಡಿನ ಗಿಡಗಳು, ಅಂದರೆ ಅಡೇನಿಯಂ (ದಪ್ಪ ಬುಡದ ಡೆಸರ್ಟ್ ರೋಸ್), ದೇವಕಣಗಿಲೆ, ಬಾಳೆ, ಪಪ್ಪಾಯಿ, ಕ್ರೋಟನ್, ಕ್ಯಾನಾ, ಆಂಥೂರಿಯಂ ಇವೆಲ್ಲ ಬರೀ ಚಳಿಗೆ ಸಾಯುವುದು ಅಪರೂಪ. ಬೀದರಿನಲ್ಲಿ ಡಿಸೆಂಬರ್, ಜನವರಿಯ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ, ಅದು ನಿಜ. ಆದರೆ ಮಧ್ಯಾಹ್ನ 28, 30 ಡಿಗ್ರಿ ಬಿಸಿಲು ಇದ್ದೇ ಇರುತ್ತದೆ. ನೀರು ಹೆಪ್ಪುಗಟ್ಟುವಷ್ಟು ಚಳಿ ನಮ್ಮ ಅಂಗಳದ ಗಿಡಗಳಿಗೆ ಬರುವುದಿಲ್ಲ. ಹಾಗಿದ್ದರೂ ಸಂಕ್ರಾಂತಿ ಹೊತ್ತಿಗೆ ಎಷ್ಟು ಮನೆಗಳಲ್ಲಿ ಅಡೇನಿಯಂ ಬುಡ ಕೊಳೆತು ಬಿದ್ದಿರುತ್ತದೆ, ನೋಡಿ. ಕಾರಣ ಏನಂದರೆ, ಚಿತ್ತಿ ಮಳೆ ಸ್ವಾತಿ ಮಳೆಯಲ್ಲಿ ನೆನೆದ ಮಣ್ಣು ಆರುವುದಕ್ಕೆ ಮೊದಲೇ ಚಳಿ ಶುರುವಾಗುತ್ತದೆ, ಚಳಿ ಶುರುವಾದ ಮೇಲೆ ಗಿಡ ನೀರು ಕುಡಿಯುವುದನ್ನು ಹೆಚ್ಚೂಕಡಿಮೆ ನಿಲ್ಲಿಸುತ್ತದೆ, ಕುಡಿಯದೆ ಬಿಟ್ಟ ನೀರು ಬೇರಿನ ಸುತ್ತ ವಾರಗಟ್ಟಲೆ ನಿಲ್ಲುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ, ಅಲ್ಲಿ ಬೂಷ್ಟು ಹತ್ತುತ್ತದೆ. ನಮ್ಮ ಅವ್ವ ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದಳು: "ಗಿಡಕ್ಕ ಚಳಿ ಹತ್ತಿಲ್ಲ, ಅದರ ಕಾಲು ಹಸಿ ಅವ."

2020ರ ಅಕ್ಟೋಬರ್ ನೆನಪಿದೆಯಲ್ಲ? ಬಂಗಾಳ ಕೊಲ್ಲಿಯಿಂದ ಎದ್ದ ವಾಯುಭಾರ ಕುಸಿತ ತೆಲಂಗಾಣ ದಾಟಿ ನಮ್ಮ ಮೇಲೆ ಬಂತು, ಹೈದರಾಬಾದಿನಲ್ಲಿ ನೆರೆ, ಇತ್ತ ಭೀಮಾ ತುಂಬಿ ಕಲಬುರಗಿ, ಯಾದಗಿರಿಯ ಊರುಗಳಿಗೆ ನುಗ್ಗಿತು. ಆ ಮಳೆಯಲ್ಲಿ ನನ್ನ ಮಾಳಿಗೆ ಮೇಲಿನ ಒಂದು ಅಡೇನಿಯಂ ಮೂರು ದಿನ ತೋಯ್ದಿತ್ತು. ಆರು ವರ್ಷದ ಗಿಡ, ಬುಡ ತೆಂಗಿನಕಾಯಿಯಷ್ಟು ದಪ್ಪ. ಮಳೆ ನಿಂತ ಮೇಲೆ ಎಲೆ ಹಸಿರಾಗೇ ಇತ್ತು, ನಾನು ನಿಶ್ಚಿಂತೆಯಿಂದ ಇದ್ದೆ. ಡಿಸೆಂಬರಿನಲ್ಲಿ ಚಳಿ ಬಂತು ಅಂತ ಅದಕ್ಕೆ ಚೆನ್ನಾಗಿ ಪ್ಲಾಸ್ಟಿಕ್ ಸುತ್ತಿದೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ ಕಡುಬು ಉಂಡು ಮನೆಗೆ ಬಂದ ಸಂಜೆ ಪ್ಲಾಸ್ಟಿಕ್ ಬಿಚ್ಚಿ ಬುಡವನ್ನು ಹೆಬ್ಬೆರಳಿನಿಂದ ಒತ್ತಿದೆ. ಬೆರಳು ಒಳಗೆ ಹೋಯಿತು. ಹಣ್ಣಾಗಿ ಕೊಳೆತ ಸೌತೆಕಾಯಿ ಒತ್ತಿದ ಹಾಗೆ. ಕಂದು ನೀರು ಸೋರಿ ಹುಳಿ ವಾಸನೆ ಬಂತು. ಆ ವಾಸನೆ ನನಗೆ ಇವತ್ತಿಗೂ ಮರೆತಿಲ್ಲ. ಅವತ್ತಿನಿಂದ ನಾನು ಹೊದಿಕೆಗಳನ್ನು ನೋಡುವ ರೀತಿಯೇ ಬೇರೆ ಆಯಿತು. ಕೆಳಗೆ ಬರೆದಿರುವುದೆಲ್ಲ ಆಮೇಲಿನ ವರ್ಷಗಳಲ್ಲಿ ಒಂದೊಂದನ್ನೇ ಮಾಡಿ ನೋಡಿ ಗೊತ್ತಾದದ್ದು.

ಮೊದಲು ನಿಮ್ಮ ಮಣ್ಣು ಯಾವುದು ನೋಡಿ

ಇದು ಆಯ್ಕೆಗೆ ಮುಂಚಿನ ಆಯ್ಕೆ. ಬೀದರ್ ಪಟ್ಟಣ ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ದಿಬ್ಬದ ಮೇಲಿದೆ, ಮೇಲೆ ಕೆಂಪು ಜಂಬಿಟ್ಟಿಗೆ, ಅಡಿಯಲ್ಲಿ ಕಪ್ಪು ಬಂಡೆ. ಜಂಬಿಟ್ಟಿಗೆ ನೀರನ್ನು ಹಿಡಿದುಕೊಳ್ಳುವುದಿಲ್ಲ, ಕೆಳಗೆ ಬಿಟ್ಟುಬಿಡುತ್ತದೆ. ಬಹಮನಿ ಸುಲ್ತಾನರ ಕಾಲದ ನೌಬಾದಿನ ಕರೇಜ್, ಅಂದರೆ ನೆಲದಡಿಯ ನೀರಿನ ಸುರಂಗ, ಕೆಲಸ ಮಾಡಿದ್ದೇ ಇದರಿಂದ: ಮೇಲಿನ ಕೆಂಪು ಕಲ್ಲಿನಲ್ಲಿ ಇಂಗಿದ ನೀರು ಕೆಳಗಿನ ಬಂಡೆಯ ಮೇಲೆ ನಿಂತು ಸುರಂಗಕ್ಕೆ ಬರುತ್ತದೆ. ನಿಮ್ಮ ಅಂಗಳದ ಮಣ್ಣು ಇಂಥದ್ದಾದರೆ ಅರ್ಧ ಚಿಂತೆ ಬಿಡಿ. ಮಳೆ ನಿಂತು ನಾಲ್ಕೈದು ದಿನಕ್ಕೆ ಬೇರು ಉಸಿರಾಡುತ್ತದೆ.

ಕಲಬುರಗಿ ಕಥೆ ಬೇರೆ. ಅಲ್ಲಿ ಎರೆಮಣ್ಣು, ಅಂದರೆ ಜಿಗುಟಾದ ಕಪ್ಪು ಮಣ್ಣು. ಯಾದಗಿರಿ ಜಿಲ್ಲೆಯ ಬಹಳಷ್ಟು ಕಡೆ, ಬೀದರ್ ಜಿಲ್ಲೆಯಲ್ಲೂ ಪಟ್ಟಣ ಬಿಟ್ಟು ಕೆಳಗಿಳಿದರೆ ಅದೇ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಉಬ್ಬಿದ ಮೇಲೆ ಅದರೊಳಗೆ ಗಾಳಿ ಆಡುವ ಸಂದೇ ಉಳಿಯುವುದಿಲ್ಲ. ತೊಗರಿಗೂ ಹಿಂಗಾರಿ ಜೋಳಕ್ಕೂ ಅದು ಬಂಗಾರ. ಬಿತ್ತಿದ ಮೇಲೆ ಮಳೆ ಬಾರದಿದ್ದರೂ ಒಳಗಿನ ತೇವದಲ್ಲೇ ಜೋಳ ಬೆಳೆದು ನಿಲ್ಲುತ್ತದಲ್ಲ, ಅದೇ ಗುಣ ದೇವಕಣಗಿಲೆಗೂ ಪಪ್ಪಾಯಿಗೂ ವಿಷ. ಪಪ್ಪಾಯಿಯಂತೂ ಬುಡದಲ್ಲಿ ಎರಡು ದಿನ ನೀರು ನಿಂತರೆ ಸಾಕು, ಎಲೆ ಜೋತು ಬಿದ್ದು ಆಮೇಲೆ ಏನು ಮಾಡಿದರೂ ಮೇಲೇಳುವುದಿಲ್ಲ.

ಹಾಗಾಗಿ ಎರೆಮಣ್ಣಿನವರು ಗೋಣಿಗೆ ಪ್ಲಾಸ್ಟಿಕ್ಕಿಗೆ ದುಡ್ಡು ಹಾಕುವುದಕ್ಕೆ ಮೊದಲು ಏರಿ ಮಡಿ ಮಾಡಿ. ನೆಲದಿಂದ ಒಂದು ಮೊಳ ಎತ್ತರ, ಒಳಗೆ ಎರೆಮಣ್ಣಿನ ಜೊತೆ ಮುರುಮ್ (ಗರಸು), ಕೊಳೆತ ಸಗಣಿ ಗೊಬ್ಬರ, ಸ್ವಲ್ಪ ದಪ್ಪ ಮರಳು. ಸುತ್ತ ಫರ್ಸಿ (ಹಾಸುಗಲ್ಲು) ತುಂಡುಗಳನ್ನು ನಿಲ್ಲಿಸಿದರೆ ಮಣ್ಣು ಜಾರುವುದಿಲ್ಲ. ಶಹಾಬಾದ್ ಫರ್ಸಿಯ ಒಡೆದ ತುಂಡು ನಮ್ಮ ಕಡೆ ಯಾರ ಮನೆ ಹಿತ್ತಲಿನಲ್ಲಿ ಇಲ್ಲ ಹೇಳಿ. ಇನ್ನು ಬರೀ ಒಂದು ತಗ್ಗು ತೋಡಿ ಅದರಲ್ಲಷ್ಟೇ ಮರಳು ತುಂಬಿ ಗಿಡ ನೆಡುವುದು ಬೇಡ. ಸುತ್ತಲಿನ ಎರೆಮಣ್ಣು ನೀರನ್ನು ಬಿಡುವುದಿಲ್ಲವಾದ್ದರಿಂದ ಆ ತಗ್ಗು ಬಾವಿಯ ಹಾಗೆ ತುಂಬಿ ನಿಲ್ಲುತ್ತದೆ. ಅಕ್ಕನ ಎರಡು ಪಪ್ಪಾಯಿ ಹೋದದ್ದು ಹೀಗೆಯೇ.

ಕುಂಡದವರಿಗೆ ಕೆಲಸ ಸುಲಭ. ಕುಂಡವನ್ನು ನೇರ ಫರ್ಸಿ ಮೇಲೆ ಇಡಬೇಡಿ, ಕೆಳಗಿನ ತೂತು ಕಲ್ಲಿಗೆ ಅಂಟಿ ಮುಚ್ಚುತ್ತದೆ. ಎರಡು ಇಟ್ಟಿಗೆ ಇಟ್ಟು ಅದರ ಮೇಲೆ ಕೂರಿಸಿ. ಕೆಳಗಿನ ತಟ್ಟೆಯನ್ನು ದಸರೆಗೆ ತೆಗೆದಿಟ್ಟುಬಿಡಿ, ಶಿವರಾತ್ರಿ ತನಕ ಬೇಕಾಗಿಲ್ಲ.

ಛಜ್ಜಾ ಕೆಳಗೋ, ಕೋಣೆ ಒಳಗೋ

ಕುಂಡದ ಗಿಡಕ್ಕೆ ನನ್ನ ಮೊದಲ ಉತ್ತರ ಛಜ್ಜಾ, ಅಂದರೆ ಗೋಡೆಯಿಂದ ಮುಂದಕ್ಕೆ ಚಾಚಿದ ಸಣ್ಣ ಚಾವಣಿ. ದಕ್ಷಿಣಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ ಗೋಡೆ, ಮೇಲೆ ಛಜ್ಜಾ, ಅದರ ಕೆಳಗೆ ಗೋಡೆಗೆ ಒಂದು ಗೇಣು ಬಿಟ್ಟು ಕುಂಡ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಕೆಳಗಿಂದ ಬರುತ್ತಾನೆ, ಹಾಗಾಗಿ ಬೇಸಿಗೆಯಲ್ಲಿ ನೆರಳಿರುವ ಜಾಗಕ್ಕೂ ಡಿಸೆಂಬರಿನಲ್ಲಿ ಬಿಸಿಲು ಬೀಳುತ್ತದೆ. ದಿನವಿಡೀ ಕಾದ ಗೋಡೆ ರಾತ್ರಿ ನಿಧಾನವಾಗಿ ಬಿಸಿ ಬಿಡುತ್ತದೆ. ಬೀದರಿನ ಹಳೇ ಕೆಂಪು ಕಲ್ಲಿನ ಗೋಡೆಗೆ ರಾತ್ರಿ ಒಂಬತ್ತಕ್ಕೆ ಅಂಗೈ ಇಟ್ಟು ನೋಡಿ, ಇನ್ನೂ ಬೆಚ್ಚಗಿರುತ್ತದೆ. ಮಳೆ ಬಂದರೆ ಬುಡಕ್ಕೆ ಬೀಳುವುದಿಲ್ಲ, ಇಬ್ಬನಿಯೂ ಕಡಿಮೆ. ಒಂದು ರೂಪಾಯಿ ಖರ್ಚಿಲ್ಲ. ಅಡೇನಿಯಂ, ದೇವಕಣಗಿಲೆ, ಯುಫೋರ್ಬಿಯಾ, ಕುಂಡದ ಕರಿಬೇವು, ಇವಕ್ಕೆಲ್ಲ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ.

ಕೋಣೆ ಒಳಗೆ ಇಡುವುದು ಯಾವಾಗ ಅಂದರೆ, ಗಿಡಕ್ಕೆ 12, 13 ಡಿಗ್ರಿಯೇ ಕಷ್ಟ ಅನ್ನುವ ಹಾಗಿದ್ದಾಗ ಮಾತ್ರ. ಆಂಥೂರಿಯಂ, ಕ್ಯಾಲಾಡಿಯಂ (ಕೆಸುವಿನಂಥ ಬಣ್ಣದ ಎಲೆಯ ಗಡ್ಡೆ ಗಿಡ), ಕೆಲವು ಎಳೆ ಕ್ರೋಟನ್. ಒಳಗೆ ತಂದ ಮೇಲೆ ಬೇರೆ ತೊಂದರೆ ಶುರು. ಬೆಳಕು ಕಡಿಮೆ, ಮಣ್ಣು ಇನ್ನೂ ನಿಧಾನವಾಗಿ ಆರುತ್ತದೆ, ನಾವು ಮಾತ್ರ ಹೊರಗೆ ಹಾಕುತ್ತಿದ್ದಷ್ಟೇ ನೀರು ಹಾಕುತ್ತೇವೆ. ಕ್ರೋಟನ್ನನ್ನು ಬಿಸಿಲಿನಿಂದ ಒಮ್ಮೆಲೇ ಕತ್ತಲೆ ಮೂಲೆಗೆ ತಂದರೆ ಎಲೆಯೆಲ್ಲ ಉದುರಿಸಿ ಕೋಲಾಗಿ ನಿಲ್ಲುತ್ತದೆ. ಅದು ಸತ್ತಿದೆ ಅಂತ ಕಿತ್ತೆಸೆಯಬೇಡಿ, ಉಗುರಿನಿಂದ ತೊಗಟೆ ಗೀರಿ ನೋಡಿ, ಒಳಗೆ ಹಸಿರಿದ್ದರೆ ಫೆಬ್ರವರಿ ಕೊನೆಗೆ ಚಿಗುರುತ್ತದೆ. ಅಡೇನಿಯಂ ಒಳಗೆ ತರುವುದು ಬೇಡವೇ ಬೇಡ. ಅದಕ್ಕೆ ಚಳಿಗಿಂತ ನೆರಳು ಕಷ್ಟ.

ಗೋಣಿ ಮತ್ತು ಪ್ಲಾಸ್ಟಿಕ್

ಎಲ್ಲರೂ ಕೇಳುವುದು ಇದನ್ನೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೊದಿಕೆ ಯಾವುದೇ ಇರಲಿ, ಅದು ಬಿಸಿ ಹುಟ್ಟಿಸುವುದಿಲ್ಲ. ಇರುವ ಬಿಸಿಯನ್ನು ಹೋಗದ ಹಾಗೆ ತಡೆಯುತ್ತದೆ ಅಷ್ಟೇ. ಕೌದಿ ಬೆಚ್ಚಗಿರುವುದು ಬಟ್ಟೆಯಿಂದಲ್ಲ, ಹಳೇ ಸೀರೆಯ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಗಿಡಕ್ಕೂ ಅದೇ ಲೆಕ್ಕ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲದ ಬಿಸಿ ನೇರ ಆಕಾಶಕ್ಕೆ ಹೋಗುತ್ತದೆ, ಬೆಳಗಿನ ಜಾವ ಅತಿ ಹೆಚ್ಚು ಥಂಡಿ ಬೀಳುವುದು ಅಂಥ ರಾತ್ರಿಗಳಲ್ಲೇ. ಆಗ ಹೊದಿಕೆ ನೆಲದವರೆಗೆ ಇಳಿದಿದ್ದರೆ ನೆಲದ ಬಿಸಿ ಒಳಗೇ ಉಳಿಯುತ್ತದೆ. ಗಿಡದ ತಲೆಗೆ ಮಾತ್ರ ಚೀಲ ಕಟ್ಟಿ ಬುಡ ಬಿಟ್ಟರೆ ಏನೂ ಪ್ರಯೋಜನವಿಲ್ಲ. ಎಷ್ಟೋ ಮನೆಗಳ ಮುಂದೆ ಹೀಗೆ ತಲೆಗೆ ಟೊಪ್ಪಿಗೆ ಹಾಕಿದ ಗಿಡ ನೋಡಿದಾಗ ಹೋಗಿ ಬಿಚ್ಚಿ ಸರಿಯಾಗಿ ಕಟ್ಟಿಬರೋಣ ಅನ್ನಿಸುತ್ತದೆ.

ಗೋಣಿ ಒಣಗಿದ್ದಾಗ ತುಂಬಾ ಒಳ್ಳೆಯದು. ಉಸಿರಾಡುತ್ತದೆ, ಒಳಗೆ ಬೆವರುವುದಿಲ್ಲ, ಮಧ್ಯಾಹ್ನದ ಬಿಸಿಲಿಗೆ ಗಿಡ ಬೇಯುವುದಿಲ್ಲ. ಹಗಲು ಕಟ್ಟಿಟ್ಟರೂ ನಡೆಯುತ್ತದೆ. ನಮ್ಮ ಕಡೆ ದಾಲ್ ಮಿಲ್ಲುಗಳ ಹಳೇ ಸೆಣಬಿನ ಚೀಲ ಸುಲಭವಾಗಿ ಸಿಗುತ್ತದೆ. ಆದರೆ ಒಂದು ಮಾತು ನೆನಪಿಡಿ. ಬೇಸಿಗೆಯಲ್ಲಿ ಕಲಬುರಗಿಯ ಬಿಸಿಲಿಗೆ ನೀರಿನ ಕೊಡ ತಣ್ಣಗಾಗಲಿ ಅಂತ ನಾವು ಏನು ಮಾಡುತ್ತೇವೆ? ಒದ್ದೆ ಗೋಣಿ ಸುತ್ತುತ್ತೇವೆ. ನೀರು ಆರುತ್ತಾ ಆರುತ್ತಾ ಕೊಡದ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಈಗ ಅದೇ ಒದ್ದೆ ಗೋಣಿಯನ್ನು ಡಿಸೆಂಬರಿನಲ್ಲಿ ಬಾಳೆ ದಿಂಡಿಗೆ ಸುತ್ತಿದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ. ಅಕಾಲ ಮಳೆಗೆ ನೆನೆದ ಗೋಣಿ ಗಿಡವನ್ನು ಹೊರಗಿನ ಗಾಳಿಗಿಂತಲೂ ತಣ್ಣಗೆ ಮಾಡುತ್ತದೆ, ಜೊತೆಗೆ ಎಳೆ ಕೊಂಬೆಗೆ ಭಾರವೂ ಜಾಸ್ತಿ. ಹಾಗಾಗಿ ಗೋಣಿ ಕಟ್ಟಿದವರು ಮಳೆ ಬಂದ ದಿನ ಸೋಮಾರಿತನ ಮಾಡುವ ಹಾಗಿಲ್ಲ. ಬಿಚ್ಚಿ, ಹಿಂಡಿ, ಬಿಸಿಲಿಗೆ ಹರವಿ, ಒಣಗಿದ ಮೇಲೆ ಮತ್ತೆ ಕಟ್ಟಬೇಕು.

ಪ್ಲಾಸ್ಟಿಕ್ಕಿನ ಗುಣ ಇದಕ್ಕೆ ಪೂರ್ತಿ ಉಲ್ಟಾ. ಮಳೆ ತಡೆಯುತ್ತದೆ, ಆದರೆ ಒಳಗಿನ ತೇವವನ್ನೂ ಹೊರಗೆ ಬಿಡುವುದಿಲ್ಲ. ನಮ್ಮಲ್ಲಿ ಮಧ್ಯಾಹ್ನದ ಬಿಸಿಲು ಕಡಿಮೆಯಲ್ಲವಲ್ಲ, ಮುಚ್ಚಿದ ಪ್ಲಾಸ್ಟಿಕ್ ಒಳಗೆ ಎಲೆ ಬೇಯುತ್ತದೆ, ರಾತ್ರಿ ಅದೇ ಆವಿ ಹನಿಯಾಗಿ ಎಲೆ ಮೇಲೆ ಕೂರುತ್ತದೆ. ಪ್ಲಾಸ್ಟಿಕ್ ಎಲೆಗೆ ತಾಗಿದ ಕಡೆಯೆಲ್ಲ ಬೆಳಿಗ್ಗೆ ಕಪ್ಪು ಮಚ್ಚೆ. ದಿನಾ ಬೆಳಿಗ್ಗೆ ಎಂಟಕ್ಕೆ ತೆಗೆದು ಸಂಜೆ ಐದಕ್ಕೆ ಹೊದಿಸುವ ಶಿಸ್ತು ಇದ್ದರೆ ಬಳಸಿ, ಇಲ್ಲದಿದ್ದರೆ ಬೇಡ. ಕೆಲಸಕ್ಕೆ ಹೋಗುವವರು ಮರೆಯುವುದು ಖಂಡಿತ, ಅಲ್ವಾ.

ಹಾಗಾದರೆ ಯಾವುದು? ಎರಡೂ, ಆದರೆ ಬೇರೆ ಬೇರೆ ಜಾಗದಲ್ಲಿ. ಪ್ಲಾಸ್ಟಿಕ್ ಅಥವಾ ತಾಡಪತ್ರಿ (ಟಾರ್ಪಾಲಿನ್) ಯಾವತ್ತೂ ಮೇಲೆ, ಮಾಡಿನ ಹಾಗೆ. ನಾಲ್ಕು ತೊಗರಿ ಕಟ್ಟಿಗೆಯೋ ಬಿದಿರೋ ನೆಟ್ಟು, ಗಿಡದ ತುದಿಗಿಂತ ಒಂದು ಗೇಣು ಎತ್ತರದಲ್ಲಿ ಇಳಿಜಾರಾಗಿ ಕಟ್ಟಿ. ಪಕ್ಕಗಳಿಗೆ ಪ್ಲಾಸ್ಟಿಕ್ ಇಳಿಸಬೇಡಿ. ಗೋಣಿ ಯಾವತ್ತೂ ಪಕ್ಕಕ್ಕೆ, ಸೆರಗಿನ ಹಾಗೆ, ನೆಲದವರೆಗೆ. ಮೇಲಿನ ಮಾಡು ಇರುವುದರಿಂದ ಗೋಣಿ ಒದ್ದೆಯಾಗುವುದಿಲ್ಲ, ಪಕ್ಕ ಗೋಣಿ ಇರುವುದರಿಂದ ಒಳಗೆ ಬೆವರುವುದಿಲ್ಲ. ನನ್ನ ಬಾಳೆ, ನೆಲದಲ್ಲಿರುವ ದೇವಕಣಗಿಲೆ ಎರಡಕ್ಕೂ ನಾಲ್ಕು ವರ್ಷದಿಂದ ಇದೇ. ಚಳಿಗಾಲದಲ್ಲಿ ಪದೇ ಪದೇ ಮಳೆ ಬರುವ ಬ್ರಿಟನ್ನಿನಂಥ ದೇಶದಲ್ಲೂ ಬಾಳೆ ಬೆಳೆಸುವವರು ಇದ್ದಾರೆ, ಜಪಾನಿನ ನಾರು ಬಾಳೆ ಅನ್ನುವ ಚಳಿ ತಡೆಯುವ ಜಾತಿ ಅದು. ಅವರು ದಿಂಡಿನ ಸುತ್ತ ಜಾಲರಿ ನಿಲ್ಲಿಸಿ ಒಳಗೆ ಒಣ ಹುಲ್ಲು ತುಂಬುತ್ತಾರೆ, ಆದರೆ ಮೇಲೆ ನೀರು ಇಳಿಯದ ಹಾಗೆ ಮುಚ್ಚಳ ಇಲ್ಲದೆ ಬಿಡುವುದಿಲ್ಲ. ಹೆಪ್ಪುಗಟ್ಟುವ ಚಳಿಯಲ್ಲೇ ಒಣಗಿಸಿಡುವುದು ಮುಖ್ಯವಾದರೆ ನಮ್ಮ ಚಳಿಗೆ ಹೇಳಬೇಕಾ.

ಸಿಮೆಂಟ್ ಚೀಲ, ಗೊಬ್ಬರದ ಚೀಲ ಇವನ್ನು ಗೋಣಿ ಅಂದುಕೊಳ್ಳಬೇಡಿ, ಅವು ನೇಯ್ದ ಪ್ಲಾಸ್ಟಿಕ್. ಮಾಡಿಗೆ ಆದೀತು, ಸುತ್ತುವುದಕ್ಕೆ ಬೇಡ. ಗೊಬ್ಬರದ ಚೀಲವಾದರೆ ಚೆನ್ನಾಗಿ ತೊಳೆದಿರಬೇಕು.

ಬಿಳಿ ಬಟ್ಟೆ, ಹಳೇ ಸೀರೆ, ಶೇಡ್ ನೆಟ್

ಕಲ್ಲಂಗಡಿ ಬೆಳೆಯುವವರು ಸಾಲಿನ ಮೇಲೆ ಬಿಳಿ ತೆಳು ಬಟ್ಟೆ ಹೊದಿಸಿರುತ್ತಾರಲ್ಲ, ಕ್ರಾಪ್ ಕವರ್ ಅನ್ನುತ್ತಾರೆ. ಕೃಷಿ ಸಾಮಾನಿನ ಅಂಗಡಿಗಳಲ್ಲಿ ಕೇಳಿ. ಹಗುರ, ಬೆಳಕು ಬಿಡುತ್ತದೆ, ಗಾಳಿಯಾಡುತ್ತದೆ, ಒದ್ದೆಯಾದರೂ ಬೇಗ ಆರುತ್ತದೆ. ಎಳೆ ಗಿಡ, ಕ್ರೋಟನ್, ದಾಸವಾಳದ ಹೊಸ ಕಡ್ಡಿಗಳಿಗೆ ಗೋಣಿಗಿಂತ ಇದೇ ಉತ್ತಮ, ಭಾರಕ್ಕೆ ಗಿಡ ಬಾಗುವುದಿಲ್ಲ. ಒಂದೇ ಕೊರತೆ, ಗಾಳಿಗೆ ಹರಿಯುತ್ತದೆ. ದಿಬ್ಬದ ಮೇಲಿನ ಬೀದರಿನಲ್ಲಿ ಗಾಳಿ ಸುಮ್ನೆ ಬಿಡುವುದಿಲ್ಲ, ಅಂಚಿಗೆ ಕಲ್ಲು ಇಡಬೇಕು.

ಹಳೇ ಹತ್ತಿ ಸೀರೆ ಒಂದು ರಾತ್ರಿಯ ಕೆಲಸಕ್ಕೆ ಚೆನ್ನ. ಎರಡು ಮಡಿಕೆ ಮಾಡಿ ಸಂಜೆ ಹೊದಿಸಿ, ಬೆಳಿಗ್ಗೆ ತೆಗೆದು ಮಡಚಿಡಿ. ಶೇಡ್ ನೆಟ್ ಮಾತ್ರ ಚಳಿಗೆ ಅಂತ ಕೊಳ್ಳಬೇಡಿ. ಇಬ್ಬನಿ ಸ್ವಲ್ಪ ತಡೆಯುತ್ತದೆ, ಆದರೆ ಚಳಿಗಾಲದಲ್ಲಿ ಗಿಡಕ್ಕೆ ಬೇಕಾದ ಬಿಸಿಲನ್ನೇ ಕಡಿಮೆ ಮಾಡುತ್ತದೆ. ಏಪ್ರಿಲ್, ಮೇಗೆ ಅದು ಬೇಕೇ ಬೇಕು, ಅಲ್ಲಿಯವರೆಗೆ ಸುತ್ತಿಡಿ.

ಬುಡಕ್ಕೆ ಏನು ಹಾಕುವುದು

ನಮ್ಮ ಜಿಲ್ಲೆಗಳಲ್ಲಿ ಇದಕ್ಕೆ ಬರವಿಲ್ಲ. ಬೀದರಿನಲ್ಲಿ ಕಬ್ಬಿನ ರವದಿ (ಒಣ ಎಲೆ), ಎಲ್ಲ ಕಡೆ ಜೋಳದ ಕಣಿಕೆ (ಒಣ ದಂಟು), ಡಿಸೆಂಬರ್ ಕೊನೆಗೆ ತೊಗರಿ ರಾಶಿ ಶುರುವಾದರೆ ತೊಗರಿ ಹೊಟ್ಟು. ಮೂರನ್ನೂ ಹಾಕಿ ನೋಡಿದ್ದೇನೆ. ರವದಿ ಎಲ್ಲಕ್ಕಿಂತ ಮೇಲು, ನೀರು ಜಾರಿಸುತ್ತದೆ, ಒತ್ತಿ ಕೂರುವುದಿಲ್ಲ, ಒಳಗೆ ಗಾಳಿ ಉಳಿಯುತ್ತದೆ. ಕಣಿಕೆಯನ್ನು ಒಂದು ಗೇಣಿಗೆ ಕತ್ತರಿಸಿ ಹಾಕಿದರೆ ಪರವಾಗಿಲ್ಲ, ಆದರೆ ದನಕ್ಕೆ ಹಾಕುವ ಮೇವನ್ನು ಗಿಡಕ್ಕೆ ಹಾಕುವುದಕ್ಕೆ ನನಗೆ ಮನಸ್ಸಾಗುವುದಿಲ್ಲ. ತೊಗರಿ ಹೊಟ್ಟು ಒಣಗಿದ್ದರೆ ಚೆನ್ನ, ಮಳೆಗೆ ನೆನೆದರೆ ಗಟ್ಟಿ ಹೆಂಟೆಯಾಗಿ ಬುಡಕ್ಕೆ ಅಂಟಿ ಬೂಷ್ಟು ಹಿಡಿಯುತ್ತದೆ.

ಯಾವುದನ್ನು ಹಾಕಿದರೂ ಕಾಂಡಕ್ಕೆ ತಾಗದ ಹಾಗೆ ನಾಲ್ಕು ಬೆರಳು ಜಾಗ ಬಿಡಿ. ಮತ್ತು ಮಣ್ಣು ಹಸಿ ಇರುವಾಗ ಹಾಕಲೇಬೇಡಿ, ತೇವವನ್ನು ಒಳಗೆ ಬೀಗ ಹಾಕಿಟ್ಟ ಹಾಗಾಗುತ್ತದೆ. ಸ್ವಾತಿ ಮಳೆ ಮುಗಿಯಲಿ, ಒಂದು ವಾರ ಬಿಸಿಲು ಬೀಳಲಿ, ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ, ಬೆರಳಿಗೆ ಮಣ್ಣು ಅಂಟದಿದ್ದರೆ ಹಾಕಿ. ಅಡೇನಿಯಂ, ಯುಫೋರ್ಬಿಯಾಕ್ಕೆ ರವದಿ ಹೊಟ್ಟು ಯಾವುದೂ ಬೇಡ, ಮೇಲೆ ಒಂದು ಪದರ ದಪ್ಪ ಮುರುಮ್ ಸಾಕು. ಗೆದ್ದಲು ಇರುವ ಜಾಗದಲ್ಲಿ ವಾರಕ್ಕೊಮ್ಮೆ ಎತ್ತಿ ನೋಡಿ.

ಕಿತ್ತಿಡುವುದೋ, ನೆಲದಲ್ಲೇ ಬಿಡುವುದೋ

ಗಡ್ಡೆ ಗಿಡಗಳ ಪ್ರಶ್ನೆ ಇದು. ಕ್ಯಾನಾ ನೆಲದಲ್ಲೇ ಇರಲಿ, ಅದು ಗಟ್ಟಿ. ಎಲೆ ಹಳದಿಯಾದ ಕಾಂಡ ಮಾತ್ರ ಕತ್ತರಿಸಿ. ಅರಿಶಿಣ ಹೇಗೂ ಜನವರಿ, ಫೆಬ್ರವರಿಯಲ್ಲಿ ಎಲೆ ಒಣಗಿಸುತ್ತದೆ, ಅದು ಅದರ ಕಾಲ, ಕಾಯಿಲೆಯಲ್ಲ. ಕ್ಯಾಲಾಡಿಯಂ ಮಾತ್ರ ಕೆಂಪು ಮಣ್ಣಿನಲ್ಲಿದ್ದರೆ ಬಿಡಬಹುದು, ಎರೆಮಣ್ಣಿನಲ್ಲಿದ್ದರೆ ಕಿತ್ತು, ಮಣ್ಣು ಉದುರಿಸಿ, ನೆರಳಿನಲ್ಲಿ ಒಂದು ವಾರ ಒಣಗಿಸಿ, ಒಣ ಮರಳಿನ ಡಬ್ಬಿಯಲ್ಲಿ ಇಡಿ. ತೊಳೆಯುವುದು ಬೇಡ.

ಬಾಳೆ ವಿಷಯ ಸ್ವಲ್ಪ ಬೇರೆ. ಬಾಳೆ 14, 15 ಡಿಗ್ರಿಗಿಂತ ಕೆಳಗೆ ಬೆಳೆಯುವುದನ್ನು ನಿಲ್ಲಿಸುತ್ತದೆ, ಎಲೆ ಅಂಚು ಹಳದಿಯಾಗಿ ಒಣಗುತ್ತದೆ. ಅದನ್ನು ನೋಡಿ ಹೆದರಬೇಡಿ. ದಿಂಡು ಹೋದರೂ ನೆಲದೊಳಗಿನ ಗಡ್ಡೆ ಬದುಕಿದ್ದರೆ ಮಾರ್ಚಿಗೆ ಹೊಸ ಕಂದು, ಅಂದರೆ ಮರಿ ಗಿಡ, ಬರುತ್ತದೆ. ಒಣಗಿದ ಎಲೆಗಳನ್ನು ಕತ್ತರಿಸದೆ ದಿಂಡಿನ ಸುತ್ತ ಇಳಿಬಿಡಿ, ಅದೇ ಒಂದು ಹೊದಿಕೆ. ಗೊನೆ ಕಡಿದ ದಿಂಡನ್ನು ಅರ್ಧಕ್ಕೆ ಕತ್ತರಿಸಿ ಬಿಟ್ಟಿದ್ದರೆ ಮೇಲಿನ ಕೊಯ್ತದಲ್ಲಿ ನೀರು ನಿಂತು, ಕೊಳೆ ಗಡ್ಡೆಯವರೆಗೆ ಇಳಿಯುತ್ತದೆ. ಓರೆಯಾಗಿ ಕತ್ತರಿಸಿ, ಅದರ ಮೇಲೆ ಒಂದು ಹಳೇ ಮಣ್ಣಿನ ಗಡಿಗೆ ಬೋರಲು ಹಾಕಿ. ನಮ್ಮ ಹಿತ್ತಲಿನಲ್ಲಿ ಈಗಲೂ ಹಾಗೇ ಇದೆ, ಒಡೆದ ಅಂಚಿನ ಒಂದು ಕಪ್ಪು ಗಡಿಗೆ, ಅದರ ಕೆಳಗೆ ಅಂಗೈ ಅಗಲ ಒಣ ಜಾಗ. ಹೋದ ಚಳಿಗಾಲದಲ್ಲಿ ಅದರ ಪಕ್ಕದಲ್ಲೇ ಎರಡು ಕಂದು ಬಂತು.

ನೀರು ಮತ್ತು ಗೊಬ್ಬರ

ರೈತರು ಥಂಡಿ ಜಾಸ್ತಿ ಬೀಳುವ ರಾತ್ರಿಗೆ ಮುಂಚೆ ಹೊಲಕ್ಕೆ ತೆಳುವಾಗಿ ನೀರು ಬಿಡುತ್ತಾರೆ. ಒದ್ದೆ ಮಣ್ಣು ಹಗಲಿನ ಬಿಸಿಯನ್ನು ಜಾಸ್ತಿ ಹಿಡಿಯುತ್ತದೆ, ಅದು ಸರಿಯಾದ ಕ್ರಮವೇ. ಕರಿಬೇವು, ದಾಸವಾಳ, ಬಾಳೆ ಕೆಂಪು ಮಣ್ಣಿನಲ್ಲಿದ್ದು ಪೂರ್ತಿ ಒಣಗಿದ್ದರೆ ನೀವೂ ಮಾಡಿ. ಕುಂಡದ ಅಡೇನಿಯಂಗೆ, ಎರೆಮಣ್ಣಿನ ಪಪ್ಪಾಯಿಗೆ ಮಾಡಬೇಡಿ. ಅಡೇನಿಯಂ ಎಲೆ ಉದುರಿಸಿದ ಮೇಲೆ ನಾನು ಮೂರು ವಾರಕ್ಕೊಮ್ಮೆ ಒಂದು ಲೋಟ ಹಾಕುತ್ತೇನೆ, ಬುಡ ಗಟ್ಟಿಯಾಗಿದ್ದರೆ ಅದೂ ಇಲ್ಲ.

ನೀರು ಹಾಕುವುದು ಬೆಳಿಗ್ಗೆ ಹತ್ತರ ಮೇಲೆ. ಮಾಳಿಗೆ ಮೇಲಿನ ಟ್ಯಾಂಕಿನ ನೀರು ಬೆಳಗಿನ ಜಾವ ಹಲ್ಲು ಜುಮ್ ಅನ್ನುವಷ್ಟು ತಣ್ಣಗಿರುತ್ತದೆ, ಬೋರಿನಿಂದ ಆಗಷ್ಟೇ ಬಂದ ನೀರು ಬೆಚ್ಚಗಿರುತ್ತದೆ. ಸಾಧ್ಯವಿದ್ದರೆ ಎರಡನೆಯದನ್ನು ಹಾಕಿ. ಯೂರಿಯಾ ದಸರೆಯ ನಂತರ ಬೇಡ. ಅದು ಎಳೆ ಚಿಗುರು ಹೊರಡಿಸುತ್ತದೆ, ಚಳಿ ಮೊದಲು ಹಿಡಿಯುವುದು ಆ ಚಿಗುರನ್ನೇ.

ಬುಡ ಮೆತ್ತಗಾದರೆ

ವಾರಕ್ಕೊಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಬುಡ ಸುಕ್ಕಾಗಿ ಸ್ವಲ್ಪ ಬಗ್ಗಿದರೆ ಅದಕ್ಕೆ ಬಾಯಾರಿಕೆ, ಹೆದರಬೇಕಾಗಿಲ್ಲ. ಸುಕ್ಕಿಲ್ಲದೆ ಮೆತ್ತಗೆ ಒಳಗೆ ಹೋದರೆ ಕೊಳೆತ. ಅವತ್ತೇ ಕುಂಡದಿಂದ ತೆಗೆಯಿರಿ, ನಾಳೆ ನೋಡೋಣ ಅನ್ನಬೇಡಿ. ಚಾಕು ಬೆಂಕಿಗೆ ಹಿಡಿದು, ಕಂದು ಭಾಗವನ್ನು ಪೂರ್ತಿ ಕೊಯ್ದು ಬಿಳಿ ತಿರುಳು ಕಾಣುವವರೆಗೆ ಹೋಗಿ. ಪ್ರತಿ ಕೊಯ್ತಕ್ಕೂ ಚಾಕು ಒರೆಸಿ. ಕೈಗೆ ಅದರ ಹಾಲು ತಾಗದ ಹಾಗೆ ನೋಡಿಕೊಳ್ಳಿ, ಅಡೇನಿಯಂ ಹಾಲು ವಿಷ, ಮಕ್ಕಳನ್ನು ದೂರ ಇಡಿ. ಗಾಯಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಪುಡಿ ಹಚ್ಚಿ, ನೆರಳಿನಲ್ಲಿ ಗಾಳಿಯಾಡುವ ಕಡೆ ತಲೆಕೆಳಗಾಗಿ ತೂಗುಹಾಕಿ. ಬೇಸಿಗೆಯಲ್ಲಿ ಒಂದು ವಾರಕ್ಕೆ ಗಾಯ ಒಣಗುತ್ತದೆ, ಚಳಿಯಲ್ಲಿ ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಮಣ್ಣಿಗೆ ಹಾಕಬೇಡಿ. ನೆಲದಲ್ಲಿರುವ ಬೇರೆ ಗಿಡಕ್ಕಾದರೆ ಅದೇ ಪುಡಿ ಲೀಟರಿಗೆ 3 ಗ್ರಾಂ ಕಲಸಿ ಬುಡಕ್ಕೆ ಒಮ್ಮೆ ಹಾಕಿ, ಆದರೆ ಮೊದಲು ನಿಂತ ನೀರು ಹೋಗಲು ದಾರಿ ಮಾಡಿ. ನೀರು ನಿಂತೇ ಇದ್ದರೆ ಔಷಧಿ ಹಾಕಿಯೂ ಉಪಯೋಗವಿಲ್ಲ.

ಕಳೆದುಕೊಳ್ಳಲು ಮನಸ್ಸಿಲ್ಲದ ಗಿಡ ಯಾವುದಾದರೂ ಇದ್ದರೆ ಶ್ರಾವಣದಲ್ಲೇ ಅದರ ಎರಡು ಕಡ್ಡಿ ಕತ್ತರಿಸಿ ಬೇರೆ ಕುಂಡದಲ್ಲಿ ನೆಟ್ಟಿಡಿ. ದೇವಕಣಗಿಲೆಯ ಕಡ್ಡಿಯನ್ನು ಹಾಲು ಒಣಗುವವರೆಗೆ ಒಂದು ವಾರ ನೆರಳಿನಲ್ಲಿಟ್ಟು ನೆಟ್ಟರೆ ಸುಲಭವಾಗಿ ಹತ್ತುತ್ತದೆ. ಕ್ರೋಟನ್, ದಾಸವಾಳ ಇನ್ನೂ ಸುಲಭ. ಆ ಕಡ್ಡಿಗಳನ್ನು ತಂಗಿಯ ಮನೆಗೋ ಪಕ್ಕದ ಮನೆಯ ಕಾಕಿಗೋ ಕೊಟ್ಟಿಡಿ, ಒಂದೇ ಅಂಗಳದಲ್ಲಿ ಎಲ್ಲ ಇರುವುದು ಬೇಡ.

ಈ ಸಲ ಅಕ್ಕನಿಗೆ ನಾನು ಹೇಳಿರುವುದು ಇಷ್ಟು. ನಿನ್ನ ಎರಡು ಅಡೇನಿಯಂ ಛಜ್ಜಾ ಕೆಳಗೆ, ಇಟ್ಟಿಗೆ ಮೇಲೆ, ಹೊದಿಕೆ ಇಲ್ಲ. ಪಪ್ಪಾಯಿ ಏರಿ ಮಡಿಗೆ, ಮೇಲೆ ತಾಡಪತ್ರಿ ಚಾವಣಿ. ಬಾಳೆಗೂ ಮೇಲೆ ಚಾವಣಿ, ಪಕ್ಕಕ್ಕೆ ಗೋಣಿ ಸೆರಗು, ಬುಡಕ್ಕೆ ರವದಿ. ಆಂಥೂರಿಯಂ ಪಡಸಾಲೆಯ ಕಿಟಕಿ ಹತ್ತಿರ. ಚಳಿ ಶಿವರಾತ್ರಿಗೆ ಶಿವ ಶಿವ ಅಂತ ಹೋಗುತ್ತದೆ ಅನ್ನುತ್ತಾರಲ್ಲ, ಆದರೆ ಗೋಣಿ ಬಿಚ್ಚುವುದಕ್ಕೆ ಅಲ್ಲಿಯವರೆಗೆ ಕಾಯಬೇಡ, ಸಂಕ್ರಾಂತಿ ಕಳೆದು ಮೂರು ವಾರಕ್ಕೆ ಹಗಲು ಬಿಚ್ಚಿಡು, ರಾತ್ರಿ ಕಟ್ಟು, ಆಮೇಲೆ ಮೋಡದ ದಿನ ನೋಡಿ ಪೂರ್ತಿ ತೆಗೆ. ಒಮ್ಮೆಲೇ ಬಿರುಬಿಸಿಲಿಗೆ ಬಿಟ್ಟರೆ ಎಲೆ ಸುಡುತ್ತದೆ. ಅವಳು ನಿನ್ನೆ ಫೋಟೋ ಕಳಿಸಿದ್ದಾಳೆ, ಇಟ್ಟಿಗೆ ಇಟ್ಟಿದ್ದಾಳೆ, ಆದರೆ ಕುಂಡದ ಕೆಳಗೆ ತಟ್ಟೆ ಹಾಗೇ ಇದೆ. ಈಗಲೇ ಫೋನು ಮಾಡಬೇಕು.